ಎಡಿತ್ ಎಲ್ಲಿಗೆ ಹೋದಳು?

ಸತ್ಯಜಿತ್ ರಾಯ್ ಅವರ 'ಮಹಾನಗರ' ಚಿತ್ರದ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಆರತಿಯ ಬಗ್ಗೆ ಬರೆದಿದ್ದಾರೆ. ಅದು ಸಹಜವೇ. ಚಿತ್ರ ನಿಂತಿರುವುದೇ ಆಕೆಯ ಮೇಲೆ. ಅತ್ತೆ, ಮಾವ, ಗಂಡ, ಮಗ, ನಾದಿನಿ ಎಲ್ಲರೂ ಇಕ್ಕಟ್ಟಿನಲ್ಲಿ ಒತ್ತಿಕೊಂಡು ಬದುಕುವ ಕಲ್ಕತ್ತೆಯ ಒಂದು ಮನೆ. ಗಂಡನೊಬ್ಬನ ಸಂಬಳ ಸಾಲದು. ಹಾಗಾಗಿ ಸೊಸೆ ಮೊದಲ ಬಾರಿಗೆ ದುಡಿಮೆಗೆಂದು ಹೊಸ್ತಿಲು ದಾಟುತ್ತಾಳೆ. ಉಳ್ಳವರ ಮನೆಮನೆಗೆ ಹೋಗಿ ಹೆಣಿಗೆ ಯಂತ್ರ ಮಾರುವ ಕೆಲಸ. ನರೇಂದ್ರನಾಥ ಮಿತ್ರರ ಕಥೆಯನ್ನಾಧರಿಸಿ ರಾಯ್ 1963ರಲ್ಲಿ ಈ ಚಿತ್ರ ಮಾಡಿದರು. ಆರತಿಯಾಗಿ ಮಾಧವಿ ಮುಖರ್ಜಿ. ಮುಂದಿನ ವರ್ಷ ಬರ್ಲಿನ್ ಚಿತ್ರೋತ್ಸವದಲ್ಲಿ ರಾಯ್ ಅವರಿಗೆ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಬಂತು. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರಗಳು ಬರುತ್ತಿದ್ದ ಕಾಲದಲ್ಲಿ ನನ್ನಂಥವರು ಇದನ್ನು ನೋಡಿದ್ದು. ನೌಕರಿಗೆ ಹೋಗುವ ಹೆಂಗಸರಿಗೆಲ್ಲ ಅದು ತಮ್ಮದೇ ಕಥೆ ಅನ್ನಿಸುವ ಚಿತ್ರ. ಸಂಬಳದ ನೋಟುಗಳನ್ನು ಕೈಯಲ್ಲಿ ಹಿಡಿದ ಆರತಿ ಕನ್ನಡಿಯೊಳಗೆ ತನ್ನನ್ನು ತಾನು ನೋಡಿಕೊಳ್ಳುವ ದೃಶ್ಯವನ್ನು ಯಾವ ಹೆಣ್ಣುಮಗಳೂ ಮರೆಯಲಾರಳು.

ನಾನು ಇಲ್ಲಿ ಬರೆಯಹೊರಟಿದ್ದು ಆರತಿಯ ಬಗ್ಗೆ ಅಲ್ಲ, ಅದೇ ಆಫೀಸಿನಲ್ಲಿ ಅದೇ ಯಂತ್ರವನ್ನೇ ಮಾರುತ್ತಿದ್ದ ಎಡಿತ್ ಸಿಮನ್ಸ್ ಬಗ್ಗೆ. ಎಡಿತ್ ಆಂಗ್ಲೋ ಇಂಡಿಯನ್ ಹುಡುಗಿ. ಫ್ರಾಕು ತೊಡುತ್ತಾಳೆ, ಇಂಗ್ಲಿಷ್ ಮಾತನಾಡುತ್ತಾಳೆ, ಆರತಿಗೆ ತುಟಿಗೆ ಬಣ್ಣ ಹಚ್ಚುವುದನ್ನು ಹೇಳಿಕೊಡುತ್ತಾಳೆ. ಕಮಿಷನ್ನಿನ ವಿಷಯ ಬಂದಾಗ ಸಾಹೇಬರ ಎದುರು ಮಾತನಾಡುವ ಧೈರ್ಯ ಇರುವುದು ಅವಳಿಗೆ. ಸಾಹೇಬರು ಮುಖರ್ಜಿ. ಒಳ್ಳೆಯವರೇ. ಆರತಿಯ ಗಂಡ ಬ್ಯಾಂಕು ಮುಳುಗಿ ಕೆಲಸ ಕಳೆದುಕೊಂಡಾಗ, ತಮ್ಮ ಕಡೆಯವನೆಂದು ಗುರುತು ಹಿಡಿದು, ನೌಕರಿ ಕೊಡಿಸುವ ಮಾತಾಡುವಷ್ಟು ಒಳ್ಳೆಯವರು. ಆದರೆ ಎಡಿತ್‌ಳ ಜನ ಎಂದರೆ ಅವರಿಗೆ ಆಗದು. ಅವಳು ಜ್ವರ ಬಂದು ಕೆಲವು ದಿನ ಮಲಗಿ ಮರಳಿ ಕೆಲಸಕ್ಕೆ ಬಂದಾಗ, ಅದು ಜ್ವರವಲ್ಲ, ಬೇರೇನೋ ಎಂದು ಅವಳ ನಡತೆಯ ಮೇಲೆಯೇ ಕಲ್ಲೆಸೆದು ಅವಳನ್ನು ಕೆಲಸದಿಂದ ತೆಗೆದುಹಾಕುತ್ತಾರೆ. ಎಡಿತ್ ಅಳುತ್ತಾಳೆ. ಆರತಿ ಸಾಹೇಬರ ಕೋಣೆಗೆ ನುಗ್ಗಿ, ನೀವು ಅವಳ ಕ್ಷಮೆ ಕೇಳಬೇಕು ಎನ್ನುತ್ತಾಳೆ. ಅವರು ಕೇಳುವುದಿಲ್ಲ. ಆರತಿ ರಾಜೀನಾಮೆ ಕೊಟ್ಟು ಮೆಟ್ಟಿಲಿಳಿದು ಬರುತ್ತಾಳೆ. ಕೆಳಗೆ ಗಂಡ ಸಿಗುತ್ತಾನೆ. ಇಬ್ಬರೂ ಮಹಾನಗರದ ಜನಜಂಗುಳಿಯಲ್ಲಿ ಸೇರಿಹೋಗುತ್ತಾರೆ. ಕ್ಯಾಮೆರಾ ಮೇಲೇರಿ ಬೀದಿದೀಪದ ಕಂಬದ ಮೇಲೆ ನಿಲ್ಲುತ್ತದೆ.

ಚಿತ್ರ ಮುಗಿಯಿತು. ಎಡಿತ್ ಎಲ್ಲಿಗೆ ಹೋದಳು?

ಈ ಪ್ರಶ್ನೆ ನನ್ನನ್ನು ಕಾಡುವುದಕ್ಕೆ ಕಾರಣವಿದೆ, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಜನರ ಹೆಸರಿನ ಮಾತು. ಯೂರೋಪಿನ ಗಂಡಸರಿಗೂ ಇಲ್ಲಿನ ಹೆಂಗಸರಿಗೂ ಹುಟ್ಟಿದ ಸಂತತಿಯನ್ನು ಒಂದು ಕಾಲದಲ್ಲಿ 'ಯುರೇಶಿಯನ್' ಎನ್ನುತ್ತಿದ್ದರು. ಅದಕ್ಕೂ ಹಿಂದೆ ಇನ್ನೂ ಕೆಟ್ಟ ಹೆಸರುಗಳಿದ್ದವು. 'ಆಂಗ್ಲೋ ಇಂಡಿಯನ್' ಎಂಬ ಮಾತು ಮೊದಲು ಭಾರತದಲ್ಲಿ ನೆಲೆಸಿದ್ದ ಅಪ್ಪಟ ಬ್ರಿಟಿಷರಿಗೇ ಅನ್ವಯಿಸುತ್ತಿತ್ತು. 1911ರ ಜನಗಣತಿಯ ಹೊತ್ತಿಗೆ ಸರ್ಕಾರ ಅದನ್ನು ಮಿಶ್ರ ಸಂತತಿಗೆ ಕೊಟ್ಟಿತು. ನಮ್ಮ ಸಂವಿಧಾನದ 366ನೇ ವಿಧಿ ಅವರಿಗೆ ಒಂದು ವ್ಯಾಖ್ಯೆಯನ್ನೇ ಬರೆದಿದೆ. ಅದರ ಪ್ರಕಾರ ತಂದೆ ಅಥವಾ ತಂದೆಯ ಕಡೆಯ ಗಂಡು ಪೂರ್ವಜರಲ್ಲಿ ಯಾರಾದರೊಬ್ಬರು ಯೂರೋಪ್ ಮೂಲದವರಾಗಿರಬೇಕು. ತಾಯಿ ಮಾತ್ರ ಯೂರೋಪಿನವಳಾಗಿದ್ದರೆ ಲೆಕ್ಕಕ್ಕಿಲ್ಲ. ಹೆತ್ತವಳು ಲೆಕ್ಕಕ್ಕಿಲ್ಲದಿರುವುದು ನಮ್ಮಲ್ಲಿ ಹೊಸದೇನಲ್ಲ ಬಿಡಿ. ಇನ್ನು ನಮ್ಮ ಉತ್ತರ ಕರ್ನಾಟಕದ ಆಡುಮಾತಿನಲ್ಲಿ 'ಬೆರಿಕಿ' ಎಂಬ ಪದವಿದೆ. 'ಅಂವಾ ಭಾಳ ಬೆರಿಕಿ ಅದಾನ' ಎಂದರೆ ಅವನು ಮಹಾ ಚಾಲಾಕಿ, ನಂಬುವ ಹಾಗಿಲ್ಲ ಎಂದರ್ಥ. ಬೆರಕೆಯಾದದ್ದು ನಂಬಿಕೆಗೆ ಯೋಗ್ಯವಲ್ಲ ಎಂಬ ತೀರ್ಮಾನವನ್ನು ಭಾಷೆ ನಮಗಿಂತ ಮುಂಚೆಯೇ ಮಾಡಿ ಇಟ್ಟ ಹಾಗಿದೆ.

ಈ ಜನಕ್ಕೆ ಕುಲ ಎನ್ನುವುದು ಏನಾದರೂ ಇದ್ದರೆ ಅದು ಅವರ ನೌಕರಿ. ಈಸ್ಟ್ ಇಂಡಿಯಾ ಕಂಪನಿ 1791ರಲ್ಲಿ, ತಂದೆತಾಯಿಯರಲ್ಲಿ ಒಬ್ಬರು ಇಲ್ಲಿನವರಾಗಿದ್ದರೆ ಅಂಥವರಿಗೆ ತನ್ನ ಮೇಲ್ದರ್ಜೆಯ ಸೇವೆಗಳಲ್ಲಿ ಕೆಲಸವಿಲ್ಲ ಎಂದು ಬಾಗಿಲು ಹಾಕಿತು. 1795ರಲ್ಲಿ ಸೈನ್ಯದಲ್ಲೂ ಹಾಗೇ ಆಯಿತು. ತಮಟೆ ಬಾರಿಸುವವರು, ಕೊಳಲೂದುವವರು, ಕುದುರೆಗೆ ಲಾಳ ಕಟ್ಟುವವರಾಗಿ ಮಾತ್ರ ಇರಬಹುದಿತ್ತು. ಅಪ್ಪ ಅಧಿಕಾರಿಯಾಗಿದ್ದ ದಂಡಿನಲ್ಲಿ ಮಗ ತಮಟೆ ಬಾರಿಸಬೇಕು. ಅರ್ಧ ಶತಮಾನ ಕಳೆದು ರೈಲು, ತಂತಿ ಬಂದ ಮೇಲೆ ಅದೇ ಸರ್ಕಾರಕ್ಕೆ ಇವರು ಬೇಕಾದರು. ಇಂಗ್ಲಿಷ್ ಬರುತ್ತದೆ, ಇಂಗ್ಲೆಂಡಿನಿಂದ ಕರೆಸಿದವರಿಗಿಂತ ಕಡಿಮೆ ಸಂಬಳಕ್ಕೆ ದುಡಿಯುತ್ತಾರೆ, ಇಲ್ಲಿನ ಬಿಸಿಲು ಅಭ್ಯಾಸವಿದೆ. ಎಂಜಿನ್ ಡ್ರೈವರ್, ಗಾರ್ಡ್, ಸ್ಟೇಷನ್ ಮಾಸ್ಟರ್, ತಂತಿ ಕಚೇರಿಯ ಗುಮಾಸ್ತ, ಸುಂಕದ ಕಟ್ಟೆಯ ಅಧಿಕಾರಿ, ಹೀಗೆ ನಡುವಿನ ಒಂದು ಹಂತ ಇವರದಾಯಿತು. ಮೇಲಿನವನಿಗೆ ಸಲಾಂ, ಕೆಳಗಿನವನಿಂದ ಸಲಾಂ. ರೈಲ್ವೆಯಲ್ಲಿದ್ದವರು ಸಹಾಯಕ ಪಡೆಗೂ ಸೇರಬೇಕಿತ್ತು. ಮುಷ್ಕರ ನಡೆದರೆ, ದಿನವೂ ಪಕ್ಕದಲ್ಲಿ ನಿಂತು ಕಲ್ಲಿದ್ದಲು ಎಳೆಯುತ್ತಿದ್ದವನ ಎದುರು ಬಂದೂಕು ಹಿಡಿದು ನಿಲ್ಲುವ ಸ್ಥಿತಿ ಬರುತ್ತಿತ್ತು. ಹೀಗೆ ಒಂದು ಜನಾಂಗವನ್ನು ಅದರ ಕೆಲಸದ ಮೂಲಕವೇ ಸಹೋದ್ಯೋಗಿಗಳ ಕಣ್ಣಿಗೆ ಶತ್ರುವನ್ನಾಗಿ ಮಾಡಿದ್ದು ವಸಾಹತುಶಾಹಿಯ ಬುದ್ಧಿವಂತಿಕೆ. ಆ ಹಗೆತನದ ಬಾಕಿಯನ್ನು ಬ್ರಿಟಿಷರು ಹೋದ ಮೇಲೆ ಎಡಿತ್‌ಳಂಥವರು ತೀರಿಸಬೇಕಾಯಿತು.

ಸ್ವತಂತ್ರ ಭಾರತ ಅವರನ್ನು ಏಕಾಏಕಿ ಕೈಬಿಡಲಿಲ್ಲ ಎಂಬುದನ್ನೂ ಹೇಳಬೇಕು. ರೈಲ್ವೆ, ಸುಂಕ, ಅಂಚೆ ಮತ್ತು ತಂತಿ ಇಲಾಖೆಗಳಲ್ಲಿ ಅವರ ನೇಮಕಾತಿಗೆ ಸಂವಿಧಾನದ 336ನೇ ವಿಧಿ 10 ವರ್ಷಗಳ ವ್ಯವಸ್ಥೆ ಮಾಡಿತ್ತು. ಮೊದಲ ಎರಡು ವರ್ಷ ಹಿಂದಿನಂತೆಯೇ, ನಂತರ ಎರಡೆರಡು ವರ್ಷಕ್ಕೆ ಶೇಕಡಾ 10ರಷ್ಟು ಕಡಿತ, 1960ಕ್ಕೆ ಪೂರ್ತಿ ಮುಕ್ತಾಯ. ಲೋಕಸಭೆಗೆ ಇಬ್ಬರನ್ನು ನಾಮಕರಣ ಮಾಡುವ ಪದ್ಧತಿ ಮಾತ್ರ ಬಹಳ ಕಾಲ ಉಳಿದು 2020ರ ಜನವರಿಯಲ್ಲಿ 104ನೇ ತಿದ್ದುಪಡಿಯೊಂದಿಗೆ ಕೊನೆಗೊಂಡಿತು. 'ಮಹಾನಗರ' ತೆರೆಗೆ ಬರುವ ಹೊತ್ತಿಗೆ ನೌಕರಿಯ ಆಸರೆ ಮುಗಿದು ಮೂರು ವರ್ಷವಾಗಿತ್ತು. ಎಷ್ಟೋ ಕುಟುಂಬಗಳು ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ, ಕೆನಡಾಕ್ಕೆ ಹಡಗು ಹತ್ತಿದ್ದವು. ಉಳಿದವರಲ್ಲಿ ಗಂಡಸರಿಗಿಂತ ಮೊದಲು ಕೆಲಸ ಸಿಗುತ್ತಿದ್ದದ್ದು ಹೆಣ್ಣುಮಕ್ಕಳಿಗೆ. ಟೈಪಿಸ್ಟ್, ಸ್ಟೆನೋ, ಟೆಲಿಫೋನ್ ಆಪರೇಟರ್, ನರ್ಸ್, ಟೀಚರ್.

ಈಗ ನಮ್ಮ ಕಡೆಯ ಮಾತು. ಹುಬ್ಬಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ರೈಲ್ವೆ ವರ್ಕ್‌ಶಾಪ್ ಆದದ್ದರಿಂದ ಅಲ್ಲಿನ ರೈಲ್ವೆ ಕಾಲೊನಿಯಲ್ಲಿ ಇಂಥ ಮನೆತನಗಳಿದ್ದವು. ನಾನು ಬಿ.ಎಡ್. ಮುಗಿಸಿ ಮೊದಲು ಸೇರಿದ ಖಾಸಗಿ ಶಾಲೆಯಲ್ಲಿ ಅಂಥ ಮನೆತನದ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ನಮ್ಮ ಕಡೆ ಶಿಕ್ಷಕಿಯರನ್ನು ಮಕ್ಕಳು 'ಅಕ್ಕೋರು' ಎನ್ನುತ್ತಾರೆ. ನಾವೆಲ್ಲ ಅಕ್ಕೋರು, ಅವರೊಬ್ಬರು 'ಮಿಸ್'. ಮದುವೆಯಾಗಿ ಇಬ್ಬರು ಮಕ್ಕಳಿದ್ದರೂ ಮಿಸ್. ಹೊಸದಾಗಿ ಮಗುವನ್ನು ಸೇರಿಸಲು ಬರುವ ಪಾಲಕರನ್ನು ಕಮಿಟಿಯವರು ಬೇಕೆಂದೇ ಅವರ ತರಗತಿಯ ಮುಂದೆ ಹಾಯಿಸಿಕೊಂಡು ಕರೆದೊಯ್ಯುತ್ತಿದ್ದರು. ಒಳಗಿನಿಂದ ಕೇಳುವ ಇಂಗ್ಲಿಷ್ ಶಾಲೆಯ ಜಾಹೀರಾತು. ಇನ್‌ಸ್ಪೆಕ್ಟರು ಬಂದರೆ ಮುಂದೆ ನಿಲ್ಲಿಸುವುದು ಅವರನ್ನೇ. ಶ್ರಾವಣದ ಶುಕ್ರವಾರ ಸ್ಟಾಫ್ ರೂಮಿನಲ್ಲಿ ಅರಿಶಿನ ಕುಂಕುಮದ ತಟ್ಟೆ ಸುತ್ತು ಬರುವಾಗ ಮಾತ್ರ ಅದು ಅವರನ್ನು ದಾಟಿ ಮುಂದೆ ಹೋಗುತ್ತಿತ್ತು. ಡಿಸೆಂಬರಿನಲ್ಲಿ ಕೇಕು ಎಲ್ಲರಿಗೂ ಬೇಕು. ಒಮ್ಮೆ ಹಿರಿಯ ಅಕ್ಕೋರೊಬ್ಬರು ಕೇಳಿದರು: "ಮಿಸ್, ನಿಮ್ಮೋರೆಲ್ಲಾ ಆಸ್ಟ್ರೇಲಿಯಾಕ್ಕ ಹೋಗ್ಯಾರಂತಲ್ರಿ, ನೀವ್ಯಾಕ ಇಲ್ಲೇ ಉಳದೀರಿ?" ನೋಟ್‌ಬುಕ್ ತಿದ್ದುತ್ತಿದ್ದ ಮಿಸ್ ತಲೆಯೆತ್ತಲಿಲ್ಲ. "ನಮ್ಮಪ್ಪಾರು ಹುಟ್ಟಿದ್ದು ಹುಬ್ಬಳ್ಳ್ಯಾಗ, ಅವ್ವಾರು ಗದಗಿನವ್ರು. ನಮ್ಮೋರು ಇಲ್ಲೇ ಅದಾರ್ರೀ ಅಕ್ಕೋರ. ನಿಮ್ಮ ಮಗಾ ಅಮೇರಿಕಾದಾಗ ಇದ್ದಾನಲ್ಲ, ನೀವ್ಯಾಕ ಹೋಗಿಲ್ಲ?" ಎಂದರು. ಯಾರೂ ನಗಲಿಲ್ಲ. ನನಗೆ ನಗು ಬಂದಿತ್ತು.

ಮುಖ್ಯೋಪಾಧ್ಯಾಯಿನಿಯ ಹುದ್ದೆ ಖಾಲಿಯಾದಾಗ ಸೇವಾ ಹಿರಿತನದಲ್ಲಿ ಅವರೇ ಮೊದಲು. ಪದವಿಯೂ ಇತ್ತು. ಆದರೆ ಕಮಿಟಿಯವರೊಬ್ಬರು ನಮ್ಮೆದುರೇ ಹೇಳಿದರು: "ಇಂಗ್ಲಿಷ್ ಕಲಸಾಕ ಬೇಷ್ ಅದಾರ. ಹೆಡ್ ಮಿಸ್ಟ್ರೆಸ್ ಅಂದ್ರ ನಮ್ಮ ರೀತಿ ರಿವಾಜು ಗೊತ್ತಿರಬೇಕಾಗ್ತದ. ನಾಳೆ ಪಾಲಕರು ಏನಂದಾರು?" ಹುದ್ದೆ ಅವರಿಗಿಂತ ಆರು ವರ್ಷ ಕಿರಿಯರಿಗೆ ಹೋಯಿತು. ಪಾಲಕರು ಏನನ್ನುತ್ತಾರೆ ಎಂದು ಯಾವ ಪಾಲಕರನ್ನೂ ಯಾರೂ ಕೇಳಿರಲಿಲ್ಲ. ಆ ಮಾತಿನಲ್ಲಿ ಬಣ್ಣದ ಪ್ರಸ್ತಾಪವಿಲ್ಲ, ಜನಾಂಗದ ಪ್ರಸ್ತಾಪವಿಲ್ಲ. ಇರುವುದು ರೀತಿ ರಿವಾಜು ಮಾತ್ರ. ಮುಖರ್ಜಿ ಸಾಹೇಬರು ಎಡಿತ್‌ಳ ಕೆಲಸದಲ್ಲಿ ತಪ್ಪು ಹುಡುಕಿದರೇ? ಇಲ್ಲ. ಅವಳ ರಾತ್ರಿಗಳ ಮೇಲೆ ಅನುಮಾನಪಟ್ಟರು. ಕೆಲಸದ ಜಾಗದಲ್ಲಿ ಜನಾಂಗದ ತಿರಸ್ಕಾರ ತನ್ನ ಹೆಸರು ಹೇಳಿಕೊಂಡು ಬರುವುದು ಅಪರೂಪ. ಹೆಂಗಸಿನ ವಿಷಯದಲ್ಲಂತೂ ಅದು ಶೀಲದ ಮಾತಾಗಿಯೇ ಬರುತ್ತದೆ. ಇದನ್ನು ರಾಯ್ ಕಂಡರು ಎಂಬುದು ಅವರ ದೊಡ್ಡತನ.

ಇದು ಹೆಣ್ಣಿಗೇ ಮೀಸಲಾದ ಆರೋಪ ಎಂದುಕೊಳ್ಳಬೇಕಿಲ್ಲ. ಹೆನ್ರಿ ಡಿರೋಜಿಯೋನನ್ನು ನೆನೆಯಿರಿ. ಪೋರ್ಚುಗೀಸ್ ಮೂಲದ ತಂದೆಯ ಮಗ, 1809ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವನು, ಹದಿಹರೆಯದಲ್ಲೇ ಹಿಂದೂ ಕಾಲೇಜಿನ ಅಧ್ಯಾಪಕ. ಹುಡುಗರು ಪ್ರಶ್ನೆ ಕೇಳುವುದನ್ನು ಕಲಿತರು. ನಾಸ್ತಿಕ, ಮಕ್ಕಳನ್ನು ಕೆಡಿಸುತ್ತಾನೆ, ಮನೆತನದ ನಡತೆಯನ್ನೇ ಹಾಳುಮಾಡುತ್ತಾನೆ ಎಂಬ ಗುಲ್ಲೆದ್ದು 1831ರಲ್ಲಿ ಆಡಳಿತ ಮಂಡಳಿ ಅವನನ್ನು ರಾಜೀನಾಮೆಗೆ ದೂಡಿತು. ಅದೇ ವರ್ಷ ಕಾಲರಾದಿಂದ ತೀರಿಕೊಂಡ. ವಯಸ್ಸು 22. ಅವನು ಆಧುನಿಕ ಬಂಗಾಳದ ಗುರುಗಳಲ್ಲೊಬ್ಬನೆಂದು ಈಗ ಎಲ್ಲರೂ ಹೇಳುತ್ತಾರೆ.

ಎಡಿತ್‌ಗಿಂತ ಮೊದಲು ಈ ವಸ್ತುವನ್ನು ನೇರವಾಗಿ ಎತ್ತಿಕೊಂಡ ಪ್ರಸಿದ್ಧ ಕಾದಂಬರಿ ಜಾನ್ ಮಾಸ್ಟರ್ಸ್ ಬರೆದ 'ಭವಾನಿ ಜಂಕ್ಷನ್', 1954ರದು. ಬ್ರಿಟಿಷರು ಗಂಟುಮೂಟೆ ಕಟ್ಟುತ್ತಿರುವ ಕಾಲ, ಒಂದು ರೈಲ್ವೆ ಊರು. ಎಂಜಿನ್ ಡ್ರೈವರನ ಮಗಳು ವಿಕ್ಟೋರಿಯಾ ಜೋನ್ಸ್ ಸೇನೆಯ ಮಹಿಳಾ ವಿಭಾಗದಲ್ಲಿದ್ದು ಊರಿಗೆ ಮರಳಿದ್ದಾಳೆ. ತಲೆಯ ಮೇಲಿನ ಟೋಪಿಯನ್ನು ಪ್ರಾಣದಂತೆ ಕಾಯುವ ಪ್ಯಾಟ್ರಿಕ್ ಟೇಲರ್, ಸಿಖ್ ಯುವಕ ರಂಜಿತ್, ಇಂಗ್ಲಿಷ್ ಕರ್ನಲ್ ಸ್ಯಾವೇಜ್ ಈ ಮೂವರ ನಡುವೆ ಆಕೆ ತನ್ನ ಜಾಗ ಹುಡುಕುತ್ತಾಳೆ. ಸೀರೆಯುಟ್ಟು ನೋಡುತ್ತಾಳೆ. ಗುರುದ್ವಾರದವರೆಗೆ ಹೋಗಿ ಅಲ್ಲಿಂದ ಓಡಿಬರುತ್ತಾಳೆ. ಮಾಸ್ಟರ್ಸ್‌ಗೆ ರೈಲ್ವೆ ಗೊತ್ತು, ಸೈನ್ಯ ಗೊತ್ತು. ಕೆಲಸದ ಜಾಗದ ವಾಸನೆ ಆ ಪುಟಗಳಲ್ಲಿದೆ. ಪ್ಯಾಟ್ರಿಕ್‌ನ ಟೋಪಿ ನಗೆಗೀಡಾದರೂ ಅದರ ಹಿಂದಿನ ಭಯ ಓದುಗನಿಗೆ ತಟ್ಟುತ್ತದೆ. ಆದರೆ ಒಂದು ಹೆಣ್ಣು ತಾನು ಯಾರೆಂದು ತಿಳಿಯಬೇಕಾದರೆ ಸರದಿಯ ಮೇಲೆ ಮೂರು ಗಂಡಸರ ಹತ್ತಿರ ಹೋಗಿಬರಬೇಕು ಎನ್ನುವ ಕಥೆಯ ಹಂದರ ನನಗೆ ಒಪ್ಪಿಗೆಯಾಗುವುದಿಲ್ಲ. ವಿಕ್ಟೋರಿಯಾ ಒಳ್ಳೆಯ ಕೆಲಸಗಾರ್ತಿ. ರೈಲ್ವೆಯ ಒಳಹೊರಗು ಬಲ್ಲವಳು. ಆ ಜಾಣತನದ ಮೇಲೆ ಅವಳ ಗುರುತು ನಿಲ್ಲಬಹುದಿತ್ತಲ್ಲ? ಆದರೂ ಒಂದು ಪ್ರಸಂಗಕ್ಕಾಗಿ ಕಾದಂಬರಿಯನ್ನು ಓದಲೇಬೇಕು. ಇಂಗ್ಲಿಷ್ ಅಧಿಕಾರಿಯೊಬ್ಬ, ಈ ಜಾತಿಯ ಹುಡುಗಿ ತಾನೇ, ಸುಲಭ ಎಂದುಕೊಂಡು ಮೈಮೇಲೆ ಬರುತ್ತಾನೆ. ಅವಳು ಅವನನ್ನು ಕೊಲ್ಲುತ್ತಾಳೆ. ಆ ಇಂಗ್ಲಿಷ್ ಅಧಿಕಾರಿಯ ಎಣಿಕೆಗೂ ಬಂಗಾಳಿ ಮುಖರ್ಜಿಯವರ ಎಣಿಕೆಗೂ ವ್ಯತ್ಯಾಸವಿಲ್ಲ. 1956ರಲ್ಲಿ ಬಂದ ಚಲನಚಿತ್ರ ಲಾಹೋರಿನಲ್ಲಿ ಚಿತ್ರೀಕರಣವಾಯಿತು. ನಾಯಕಿ ಅಮೆರಿಕದ ಆವಾ ಗಾರ್ಡನರ್. ಕಾದಂಬರಿಯಲ್ಲಿ ವಿಕ್ಟೋರಿಯಾ ಕೊನೆಗೆ ತನ್ನವನೇ ಆದ ಪ್ಯಾಟ್ರಿಕ್‌ನ ಬಳಿ ಉಳಿಯುತ್ತಾಳೆ. ಚಿತ್ರದಲ್ಲಿ ಪ್ಯಾಟ್ರಿಕ್‌ನನ್ನು ಸಾಯಿಸಿ ಅವಳನ್ನು ಕರ್ನಲ್‌ಗೆ ಒಪ್ಪಿಸಿದ್ದಾರೆ. ಗಲ್ಲಾಪೆಟ್ಟಿಗೆಗೆ ಟೋಪಿಯವನು ಹೊಂದುವುದಿಲ್ಲವೇನೋ.

ಹಿಂದಿಯ 'ಜೂಲಿ'ಯನ್ನು ಹೆಚ್ಚು ಹೇಳುವುದು ಬೇಡ. ಮಲಯಾಳದ 'ಚಟ್ಟಕ್ಕಾರಿ' 1974ರದು, 'ಜೂಲಿ' 1975ರದು. ಎರಡರಲ್ಲೂ ನಮ್ಮ ಪರಿಚಯದ ಲಕ್ಷ್ಮಿಯೇ ನಾಯಕಿ. ಅಪ್ಪ ರೈಲು ಡ್ರೈವರ್, ಕುಡುಕ; ಮಗಳು ಮದುವೆಗೆ ಮುಂಚೆ ಬಸುರಿ. ಕರುಣೆಯೇನೋ ಇದೆ, ಆದರೆ ಆ ಕರುಣೆಯಿಂದ ಉಳಿದ ಎಡಿತ್‌ಗಳಿಗೆ ಆಫೀಸಿನಲ್ಲಿ ಏನು ಉಪಕಾರವಾಯಿತೋ ತಿಳಿಯದು. ಆ ಕಾಲದ ಚಿತ್ರಗಳಲ್ಲಿ ಖಳನಾಯಕನ ಸೆಕ್ರೆಟರಿಗೆ ಲಿಲ್ಲಿ, ರೋಸಿ ಎಂದೇ ಹೆಸರಿರಬೇಕಿತ್ತು. ಕನ್ನಡದವರೂ ಇದಕ್ಕೆ ಹೊರತಲ್ಲ.

ಅಪರ್ಣಾ ಸೇನ್ ಅವರ '36 ಚೌರಂಗಿ ಲೇನ್' ಬೇರೆಯೇ ತೂಕದ ಚಿತ್ರ. 1981ರದು, ಆಕೆಯ ಮೊದಲ ನಿರ್ದೇಶನ, ಅದಕ್ಕೇ ರಾಷ್ಟ್ರಪ್ರಶಸ್ತಿ. ವಯಸ್ಸಾದ ವಯಲೆಟ್ ಸ್ಟೋನ್‌ಹ್ಯಾಮ್ ಕಲ್ಕತ್ತೆಯ ಹುಡುಗಿಯರ ಶಾಲೆಯಲ್ಲಿ ಷೇಕ್ಸ್‌ಪಿಯರ್ ಪಾಠ ಹೇಳುತ್ತಾ ಬಂದವಳು. ಮನೆಯಲ್ಲಿ ಸರ್ ಟೋಬಿ ಎಂಬ ಬೆಕ್ಕು, ವೃದ್ಧಾಶ್ರಮದಲ್ಲಿ ಅಣ್ಣ ಎಡ್ಡಿ, ಮದುವೆಯಾಗಿ ಆಸ್ಟ್ರೇಲಿಯಾಕ್ಕೆ ಹೋದ ಸೋದರ ಸಂಬಂಧದ ಹುಡುಗಿ ರೋಸ್‌ಮೇರಿ. ಹಳೆಯ ವಿದ್ಯಾರ್ಥಿನಿ ನಂದಿತಾ ಮತ್ತು ಅವಳ ಗೆಳೆಯ ಸಮರೇಶ್ ಆಕೆಯ ಮನೆಯನ್ನು ತಮ್ಮ ಏಕಾಂತಕ್ಕೆ ಬಳಸಿಕೊಂಡು, ಮದುವೆಯಾದ ಮೇಲೆ ಮರೆಯುತ್ತಾರೆ. ಕ್ರಿಸ್‌ಮಸ್ ದಿನ ಕೇಕು ಹಿಡಿದು ಅವರ ಮನೆಗೆ ಹೋದರೆ, ಊರಲ್ಲಿರುವುದಿಲ್ಲ ಎಂದಿದ್ದವರು ಒಳಗೆ ಸಂತೋಷಕೂಟ ನಡೆಸುತ್ತಿದ್ದಾರೆ. ಎಲ್ಲರೂ ಈ ಭಾಗಕ್ಕೆ ಕಣ್ಣೀರು ಹಾಕುತ್ತಾರೆ. ನಾನು ಮಾಸ್ತರಿಕೆಯವಳಾದ್ದರಿಂದಲೋ ಏನೋ, ನನಗೆ ಕರುಳು ಹಿಂಡಿದ್ದು ಅದಕ್ಕಿಂತ ಮೊದಲಿನ ಒಂದು ಸಣ್ಣ ಸಂಗತಿ. ಹೊಸ ಪ್ರಿನ್ಸಿಪಾಲರು ಷೇಕ್ಸ್‌ಪಿಯರನ್ನು ವಯಲೆಟ್‌ಳಿಂದ ತೆಗೆದು ಚಿಕ್ಕ ವಯಸ್ಸಿನ ಶಿಕ್ಷಕಿಯೊಬ್ಬಳಿಗೆ ಕೊಟ್ಟು, ಇವಳಿಗೆ ವ್ಯಾಕರಣ ಕೊಡುತ್ತಾರೆ. ಕೂಗಾಟವಿಲ್ಲ, ಅವಮಾನದ ಮಾತಿಲ್ಲ. ವೇಳಾಪಟ್ಟಿಯಲ್ಲಿ ಒಂದು ಬದಲಾವಣೆ, ಅಷ್ಟೇ.

ಶಾಲೆಯಲ್ಲಿ ದುಡಿದವರಿಗೆ ಗೊತ್ತು, ಮನುಷ್ಯರನ್ನು ಮೂಲೆಗುಂಪು ಮಾಡುವುದಕ್ಕೆ ವೇಳಾಪಟ್ಟಿಯಷ್ಟು ಒಳ್ಳೆಯ ಸಾಧನವಿಲ್ಲ. ಕೊನೆಯ ಪೀರಿಯಡ್ಡು, ದೊಡ್ಡ ಕ್ಲಾಸು, ಯಾರಿಗೂ ಬೇಡದ ವಿಷಯ. ಕೇಳಿದರೆ ಎಲ್ಲಕ್ಕೂ ಆಡಳಿತಾತ್ಮಕ ಕಾರಣ ಇರುತ್ತದೆ. ವಯಲೆಟ್‌ಳ ವಿಷಯದಲ್ಲಿ ಆ ಕಾರಣ ಸುಳ್ಳೆಂದೂ ಹೇಳಲಾಗದು; ಆಕೆಯ ಪಾಠದ ರೀತಿ ಹಳೆಯದು, ಹುಡುಗಿಯರು ಆಕಳಿಸುತ್ತಾರೆ. ಆದರೆ ಆಕೆಗೆ ಷೇಕ್ಸ್‌ಪಿಯರ್ ಎಂದರೆ ಪಠ್ಯಪುಸ್ತಕವಷ್ಟೇ ಅಲ್ಲ. ತಾನು ಕಾಣದ ದೇಶದೊಂದಿಗೆ ಆಕೆಗಿರುವ ನೆಂಟಸ್ತಿಕೆ ಅದು, ಇಲ್ಲಿ ತನ್ನನ್ನು ಬೇಕೆನ್ನಿಸಿದ ಒಂದೇ ಅರ್ಹತೆ ಅದು. ಅದನ್ನು ಕಸಿದುಕೊಂಡರೆ ಆ ಊರಿನಲ್ಲಿ ಆಕೆ ಇರುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಒಂದು ಜನಾಂಗಕ್ಕೆ ಒಂದು ಕೆಲಸ ಎಂದು ಗೆರೆ ಎಳೆದದ್ದರ ಫಲವನ್ನು ಅಪರ್ಣಾ ಸೇನ್ ಒಂದು ಸ್ಟಾಫ್ ರೂಮಿನಲ್ಲಿ ತೋರಿಸಿಬಿಟ್ಟರು. ಕೊನೆಯಲ್ಲಿ ರಾತ್ರಿಯ ಬೀದಿಯಲ್ಲಿ ಒಂದು ನಾಯಿಗೆ ಲಿಯರ್ ರಾಜನ ಮಾತುಗಳನ್ನು ಹೇಳುತ್ತಾ ನಡೆಯುವ ವಯಲೆಟ್‌ಳನ್ನು ಕಂಡಾಗ ನನಗೆ ಅನ್ನಿಸಿದ್ದು, ಅಂತೂ ಆಕೆಗೆ ತನ್ನ ಪೀರಿಯಡ್ಡು ವಾಪಸು ಸಿಕ್ಕಿತು ಎಂದು. ಜೆನ್ನಿಫರ್ ಕೆಂಡಲ್ ಅವರ ಅಭಿನಯಕ್ಕೆ ಎರಡು ಮಾತಿಲ್ಲ. ಆದರೂ ಆವಾ ಗಾರ್ಡನರ್ ಅಮೆರಿಕದವಳು, ಜೆನ್ನಿಫರ್ ಇಂಗ್ಲಿಷರವರು. ಈ ಜನರ ಪಾಡನ್ನು ತೋರಿಸುವ ಕೆಲಸವೂ ಈ ಜನಕ್ಕೆ ಸಿಗಲಿಲ್ಲವಲ್ಲ ಎಂಬ ಕೊರಗು ಉಳಿಯುತ್ತದೆ.

ಸಿಗಬೇಕಾದರೆ ಏನು ಮಾಡಬೇಕಿತ್ತು ಎಂಬುದಕ್ಕೆ ಮರ್ಲ್ ಓಬೆರಾನ್ ಕಥೆಯಿದೆ. 1911ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಬೆಳೆದ ಈ ಮಿಶ್ರ ಮೂಲದ ಹುಡುಗಿ ಹಾಲಿವುಡ್ಡಿನ ತಾರೆಯಾದಳು. 'ದ ಡಾರ್ಕ್ ಏಂಜೆಲ್' ಚಿತ್ರಕ್ಕಾಗಿ ಆಸ್ಕರ್‌ಗೂ ಹೆಸರು ಸೂಚಿತವಾಯಿತು. ಆದರೆ ಬದುಕಿಡೀ ತಾನು ಟಾಸ್ಮೇನಿಯಾದಲ್ಲಿ ಹುಟ್ಟಿದವಳೆಂದು ಹೇಳಿಕೊಂಡಳು. ಬಿಳಿಯರಲ್ಲದವರೊಂದಿಗೆ ಪ್ರಣಯದ ಪಾತ್ರಗಳಿಗೆ ಅಲ್ಲಿ ನಿಷೇಧವಿದ್ದ ಕಾಲ. ಜೊತೆಯಲ್ಲಿದ್ದ ಕಂದುಬಣ್ಣದ ಹೆಂಗಸನ್ನು ಮನೆಗೆಲಸದಾಕೆ ಎಂದು ಬಂದವರಿಗೆ ಪರಿಚಯಿಸುತ್ತಿದ್ದಳಂತೆ. 1979ರಲ್ಲಿ ಆಕೆ ಸತ್ತ ಮೇಲೆಯೇ ನಿಜ ಪುಸ್ತಕವಾಗಿ ಹೊರಬಂದದ್ದು. ನೌಕರಿ ಉಳಿಸಿಕೊಳ್ಳಲು ಮನೆಯ ಹಿರಿಯಳನ್ನೇ ಆಳೆನ್ನಬೇಕಾದ ಸಂಕಟವನ್ನು ನಾವು ದೂರದ್ದು ಎಂದುಕೊಳ್ಳಬೇಕಾಗಿಲ್ಲ. ಅಡ್ಡಹೆಸರು ಕೇಳಿಕೊಂಡ ಮೇಲೆಯೇ ಚಹಾದ ಕಪ್ಪು ಮುಂದಿಡುವ ಸ್ಟಾಫ್ ರೂಮುಗಳು ನಮ್ಮಲ್ಲಿವೆ. ಅಲ್ಲಿ ಅಡ್ಡಹೆಸರನ್ನೇ ಬದಲಿಸಿಕೊಂಡು ಕುಳಿತವರೂ ಇದ್ದಾರೆ.

ಮರಳಿ 'ಮಹಾನಗರ'ಕ್ಕೆ. ಆರತಿಯ ರಾಜೀನಾಮೆಯನ್ನು ನಾನು ಕಡಿಮೆ ಎನ್ನುವುದಿಲ್ಲ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ ಆಗಿರುವಾಗ, ತನ್ನ ಜಾತಿಯವಳಲ್ಲದ, ಭಾಷೆಯವಳಲ್ಲದ ಇನ್ನೊಬ್ಬಳ ಮಾನಕ್ಕಾಗಿ ಕೆಲಸ ಬಿಡುವುದು ಸಣ್ಣ ಮಾತಲ್ಲ. ನಮ್ಮ ಶಾಲೆಯಲ್ಲಿ ಯಾರೂ ಬಿಡಲಿಲ್ಲ. ಆದರೆ ಕಥೆಯ ನಡೆಯನ್ನು ಗಮನಿಸಿ. ಅವಮಾನವಾದದ್ದು ಎಡಿತ್‌ಗೆ, ಕ್ಷಮೆ ಬೇಡುವುದು ಆರತಿ. ಕೆಲಸ ಹೋದದ್ದು ಎಡಿತ್‌ಗೆ, ತ್ಯಾಗದ ಹೆಸರು ಆರತಿಗೆ. ಕಮಿಷನ್ನಿಗಾಗಿ ಸಾಹೇಬರೆದುರು ಬಾಯಿಬಿಟ್ಟು ವಾದಿಸಿದ್ದ ಹುಡುಗಿ ತನ್ನ ಮಾನದ ಪ್ರಶ್ನೆ ಬಂದಾಗ ಅತ್ತು ಸುಮ್ಮನಾಗುತ್ತಾಳೆಂದರೆ ನಂಬಲು ಕಷ್ಟ. ಆರತಿಯನ್ನು ಎತ್ತರಿಸಲು ಎಡಿತ್‌ಳ ಬಾಯಿ ಕಟ್ಟಬೇಕಾಯಿತು. ಆ ಕೊನೆಯ ದೀಪದ ಕಂಬದಲ್ಲಿ ಎರಡು ಬುರುಡೆಗಳಿಗೆ ಜಾಗವಿದ್ದು ಒಂದು ಮಾತ್ರ ಉರಿಯುತ್ತದೆ. ಅದಕ್ಕೆ ಪಂಡಿತರು ಏನೇನೋ ಅರ್ಥ ಹೇಳಿದ್ದಾರೆ. ಗಂಡಹೆಂಡತಿ ಇಬ್ಬರಲ್ಲಿ ಒಬ್ಬರಿಗಾದರೂ ಕೆಲಸ ಸಿಕ್ಕೀತು ಎಂಬ ಭರವಸೆಯಂತೆ. ಇರಬಹುದು. ಆರಿದ ಬುರುಡೆ ನನಗೆ ಎಡಿತ್‌ಳದೆಂದೇ ಕಾಣುತ್ತದೆ.

ಬಂಗಾಳಿಯಲ್ಲಿ ಇಷ್ಟಾದರೂ ಆಗಿದೆ. ಇಂಗ್ಲಿಷಿನಲ್ಲಿ ಆ ಸಮುದಾಯದವರೇ ಆದ ಅಲನ್ ಸೀಲಿ 1988ರಲ್ಲಿ 'ದ ಟ್ರಾಟರ್ ನಾಮಾ' ಎಂಬ ಬೃಹತ್ ಕಾದಂಬರಿ ಬರೆದು, ಏಳು ತಲೆಮಾರುಗಳ ಕಥೆಯನ್ನು ನಗುನಗುತ್ತಾ ಹೇಳಿದರು. ಅದರಲ್ಲಿ ಕನಿಕರದ ಭಿಕ್ಷೆ ಇಲ್ಲ. ಕನ್ನಡದಲ್ಲಿ? ವಸ್ತುವಿಗೆ ಬರವಿಲ್ಲ. ಬೆಂಗಳೂರಿನ ವೈಟ್‌ಫೀಲ್ಡ್ ಎಂದರೆ ಈಗ ಗಾಜಿನ ಕಟ್ಟಡಗಳು, ಸಾಫ್ಟ್‌ವೇರ್ ನೌಕರಿ. ಆ ಊರು ಹುಟ್ಟಿದ್ದು 1882ರಲ್ಲಿ, ಚಾಮರಾಜ ಒಡೆಯರು ಯುರೇಶಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ನೆಲ ಕೊಟ್ಟಾಗ. ಸರ್ಕಾರಿ ನೌಕರಿಯ ದಯೆಯಲ್ಲಿ ಬದುಕುವುದು ಬೇಡ, ಸ್ವಂತ ನೆಲದಲ್ಲಿ ಬೇಸಾಯ ಮಾಡಿ ಬದುಕೋಣ ಎಂಬ ಆಸೆಯಿಂದ ಡಿ. ಎಸ್. ವೈಟ್ ಎಂಬವರು ಮುಂದಾಳಾಗಿ ಕಟ್ಟಿದ ವಸಾಹತು ಅದು. ಕೆ.ಜಿ.ಎಫ್.ನ ಗಣಿ 2001ರಲ್ಲಿ ಮುಚ್ಚುವವರೆಗೆ ಅಲ್ಲಿಯೂ ಇಂಥ ಮನೆತನಗಳ ದುಡಿಮೆಯ ನೆನಪು ಉಳಿದಿತ್ತು. ಹುಬ್ಬಳ್ಳಿಯ ವರ್ಕ್‌ಶಾಪಂತೂ ಇನ್ನೂ ನಡೆಯುತ್ತಿದೆ. ಅದರ ಭೋಂಗಾ ಕೇಳಿ ಗಡಿಯಾರ ಸರಿಮಾಡಿಕೊಂಡ ಬರಹಗಾರರು ನಮ್ಮ ಊರಲ್ಲಿ ಎಷ್ಟು ಜನ! ವರ್ಕ್‌ಶಾಪಿನ ಗೇಟಿನಿಂದ ಸೈಕಲ್ ತುಳಿದು ಹೊರಬರುತ್ತಿದ್ದ ಆ ಫೋರ್‌ಮನ್ ಯಾವ ಭಾಷೆಯಲ್ಲಿ ಬೈಯುತ್ತಿದ್ದ, ಯಾವ ಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದ, ನಿವೃತ್ತಿಯ ದಿನ ಜೊತೆಗಾರರು ಅವನ ಕೊರಳಿಗೆ ಹಾರ ಹಾಕಿದರೋ ಇಲ್ಲವೋ ಎಂದು ಬರೆದ ಒಂದು ಕನ್ನಡ ಕಥೆ ನನ್ನ ಓದಿಗೆ ಇನ್ನೂ ಸಿಕ್ಕಿಲ್ಲ.

ಈಚೆಗೆ ನಮ್ಮ ಓದುಗೆಳತಿಯರ ಬಳಗದಲ್ಲಿ 'ಮಹಾನಗರ'ವನ್ನು ಮತ್ತೆ ಹಾಕಿ ನೋಡಿದೆವು. ಎಲ್ಲರೂ ನೌಕರಿಯಲ್ಲಿರುವವರು, ಇಲ್ಲವೇ ನಿವೃತ್ತರು. ಚಿತ್ರ ಮುಗಿದ ಮೇಲೆ ಚಹಾ ಸೋಸುತ್ತಾ ನಾನು ಎಡಿತ್‌ಳ ವಿಷಯ ಎತ್ತಿದೆ. "ಅಕೀಗೆ ಟೈಪಿಂಗ್ ಬರ್ತಿರಬೇಕು ಬಿಡ್ರಿ, ಎಲ್ಲೆರ ಕೆಲಸ ಸಿಕ್ಕಿರ್ತದ" ಎಂದರು ಒಬ್ಬರು. ಇನ್ನೊಬ್ಬರು ಬ್ಯಾಂಕಿನವರು, ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಆಸ್ಟ್ರೇಲಿಯಾಕ್ಕ ಹೋಗಿರಬೇಕು."